ಕಣ್ಣಲ್ಲಿ ಕಣ್ಣಿಟ್ಟ ಕಥನಗಳು

ಗೆಳೆಯರೊಬ್ಬರು ತಮ್ಮ ಆಫ್ರಿಕಾ ಪ್ರವಾಸ ಕಥನದ ಹಸ್ತಪ್ರತಿಯನ್ನು ಮನೆಗೆ ತಂದುಕೊಟ್ಟು, ಮುನ್ನುಡಿ ಬರೆಯಬೇಕೆಂದು ಕೇಳಿ ಏಳು ತಿಂಗಳಾಯಿತು. ಎರಡು ಸಲ ಜ್ಞಾಪಿಸಿದರು. ಮೂರನೆಯ ಸಲ ಫೋನಿನಲ್ಲಿ ಅವರ ದನಿ ಸ್ವಲ್ಪ ಬದಲಾಗಿತ್ತು. ನನಗೆ ಪುರಸೊತ್ತಿಲ್ಲದೆ ತಡವಾದದ್ದಲ್ಲ. ನಿವೃತ್ತ ಮೇಷ್ಟರಿಗೆ ಪುರಸೊತ್ತಿನ ಬರವೇ? ಪುಸ್ತಕ ಕೆಟ್ಟದಾಗಿತ್ತೆಂದೂ ಅಲ್ಲ. ಗೆಳೆಯರ ಗದ್ಯ ತಿಳಿಯಾದದ್ದು, ಹಾಸ್ಯಪ್ರಜ್ಞೆ ಇದೆ, ಹಾದಿಯ ಕಷ್ಟಗಳನ್ನು ದೊಡ್ಡದು ಮಾಡಿ ಹೇಳುವ ಚಟವಿಲ್ಲ. ತೊಡಕಿದ್ದದ್ದು ಒಂದೇ ಒಂದು ಪುಟದಲ್ಲಿ. ಕಾಂಗೋ ಗಣರಾಜ್ಯದ ಕಾಡಿನಲ್ಲಿ ಅವರು ಬಯಲುಸೀಮೆಯ ಗೊರಿಲ್ಲಾ ಕುಟುಂಬವೊಂದನ್ನು ನೋಡುವ ಪುಟ ಅದು. ಬೆನ್ನು ಬೆಳ್ಳಗಾದ ದೊಡ್ಡ ಗಂಡು ತಲೆಯೆತ್ತುತ್ತದೆ, ಇವರನ್ನು ನೋಡುತ್ತದೆ, ಇವರು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರೆ, ಅಲ್ಲಿ ತಮ್ಮನ್ನೇ ಕಾಣುತ್ತಾರೆ. ಆಮೇಲೆ ಒಂದು ಪ್ಯಾರಾ ಪೂರ್ತಿ ಮೌನದ ವರ್ಣನೆ.

ಈ ಪುಟವನ್ನು ನಾನು ಮೊದಲೇ ಓದಿದ್ದೆ. ಗೆಳೆಯರು ಕದ್ದರೆಂದು ಹೇಳುತ್ತಿಲ್ಲ, ಅವರು ಅಂಥವರಲ್ಲ. ಗೊರಿಲ್ಲಾ ನೋಡಲು ಹೋದವರೆಲ್ಲ ಈ ಪುಟವನ್ನು ಬರೆಯುತ್ತಾರೆ. ಇಂಗ್ಲಿಷಿನ ಪ್ರವಾಸ ಲೇಖನಗಳಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಾನೂ ಒಮ್ಮೆ ಬರೆದಿದ್ದೇನೆ. ನನ್ನ ವಿಷಯದಲ್ಲಿ ಅವಮಾನದ ಸಂಗತಿಯೆಂದರೆ, ನಾನು ಅದನ್ನು ಗೊರಿಲ್ಲಾ ನೋಡುವ ಮೊದಲೇ ಬರೆದಿಟ್ಟುಕೊಂಡಿದ್ದೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಈ ಪುಟ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನೋಡೋಣ.

ಗೊರಿಲ್ಲಾ ಲೋಕದ ಓದುಗರಿಗೆ ಪರಿಚಯವಾದದ್ದೇ ತಡವಾಗಿ. 1847ರಲ್ಲಿ ಥಾಮಸ್ ಸ್ಯಾವೇಜ್ ಎಂಬ ಅಮೆರಿಕನ್ ಮಿಷನರಿ, ಗಬಾನಿನಲ್ಲಿ ದೊರೆತ ತಲೆಬುರುಡೆಗಳನ್ನೂ ಎಲುಬುಗಳನ್ನೂ ಆಧಾರವಾಗಿಟ್ಟುಕೊಂಡು, ಇದೊಂದು ಹೊಸ ವಾನರ ಜಾತಿ ಎಂದು ಪ್ರಕಟಿಸಿದ. ಜೀವಂತ ಪ್ರಾಣಿಯನ್ನು ಕಂಡು ಬರೆದದ್ದಲ್ಲ ಅದು. ಕಂಡು, ಕೊಂದು, ಬರೆದವನು ಪಾಲ್ ದು ಶೈಯು. 1861ರಲ್ಲಿ ಬಂದ ಅವನ ಪುಸ್ತಕ ಲಂಡನ್ನಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಅವನ ಗೊರಿಲ್ಲಾ ಎದೆ ಬಡಿದುಕೊಂಡು ಗರ್ಜಿಸುತ್ತ ಮುನ್ನುಗ್ಗುವ ಪಿಶಾಚಿ. ಆದರೆ ಗುಂಡೇಟು ತಿಂದು ಬಿದ್ದಾಗ ಅದು ಮನುಷ್ಯನ ಹಾಗೆ ನರಳುತ್ತದೆ. ಅದನ್ನು ಕಂಡ ಲೇಖಕನಿಗೆ ಕಸಿವಿಸಿಯಾಗುತ್ತದೆ. ಓದುಗರು ಗಮನಿಸಬೇಕು: ಪಿಶಾಚಿಯೂ, 'ಅಯ್ಯೋ ಇದು ನಮ್ಮಂತೆಯೇ' ಎಂಬ ಕಸಿವಿಸಿಯೂ ಒಂದೇ ಪುಸ್ತಕದಲ್ಲಿ ಹುಟ್ಟಿದವು. ಪಿಶಾಚಿ 1933ರಲ್ಲಿ ಕಿಂಗ್ ಕಾಂಗ್ ಎಂಬ ಸಿನಿಮಾವಾಗಿ ನಮ್ಮ ಊರಿನ ಟೆಂಟಿನವರೆಗೂ ಬಂತು. ಕಸಿವಿಸಿ ಪ್ರವಾಸ ಸಾಹಿತ್ಯಕ್ಕೆ ಬಂತು.

1921ರಲ್ಲಿ ಕಾರ್ಲ್ ಏಕ್ಲಿ ಎಂಬಾತ ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕಾಗಿ ವಿರುಂಗಾ ಬೆಟ್ಟಗಳಲ್ಲಿ ಗೊರಿಲ್ಲಾಗಳನ್ನು ಕೊಂದು ತಂದ. ಕೊಂದ ಮೇಲೆ ಅವನ ಮನಸ್ಸು ತಿರುಗಿ, ಆ ಬೆಟ್ಟಗಳನ್ನು ಕಾಪಾಡಬೇಕೆಂದು ಬೆಲ್ಜಿಯಮ್ಮಿನ ದೊರೆಯನ್ನು ಒತ್ತಾಯಿಸಿದ. 1925ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಏಕ್ಲಿ ಅಲ್ಲಿಯೇ ತೀರಿಕೊಂಡ. 1959ರಲ್ಲಿ ಜಾರ್ಜ್ ಶಾಲರ್ ಅದೇ ಬೆಟ್ಟಗಳಿಗೆ ಕೋವಿಯಿಲ್ಲದೆ ಹೋದ, ಅಡಗಿ ಕೂರದೆ ಗೊರಿಲ್ಲಾಗಳಿಗೆ ಕಾಣುವಂತೆಯೇ ಕೂತು ಅವುಗಳ ದಿನಚರಿ ಬರೆದುಕೊಂಡ. ಗೊರಿಲ್ಲಾ ಸೊಪ್ಪುಸದೆ ತಿಂದುಕೊಂಡು ಸಂಸಾರ ಮಾಡುವ ಸಾಧು ಪ್ರಾಣಿ ಎಂದು ಲೋಕ ನಂಬಿದ್ದು ಅವನಿಂದ. 1967ರಲ್ಲಿ ಡಯಾನ್ ಫಾಸಿ ರುವಾಂಡಾದಲ್ಲಿ ಬೀಡುಬಿಟ್ಟಳು. ಅವಳ ಪುಸ್ತಕ 1983ರಲ್ಲಿ ಬಂತು, 1985ರಲ್ಲಿ ಅವಳ ಕೊಲೆಯಾಯಿತು, 1988ರಲ್ಲಿ ಸಿನಿಮಾ ಆಯಿತು. ಇವುಗಳ ನಡುವೆ 1979ರಲ್ಲಿ ಡೇವಿಡ್ ಅಟೆನ್‌ಬರೋ ಟೆಲಿವಿಷನ್ನಿನ ಎದುರು ಕೂತ ಕೋಟ್ಯಂತರ ಜನರಿಗೆ ಗೊರಿಲ್ಲಾಗಳ ನಡುವೆ ತಾನು ಒರಗಿ ಕೂತದ್ದನ್ನು ತೋರಿಸಿದ. ಮರಿಗಳು ಅವನ ಮೈಮೇಲೇ ಹತ್ತಿ ಆಡಿದವು. ಆ ಕೆಲವು ನಿಮಿಷಗಳಲ್ಲಿ ಪಿಶಾಚಿ ಸತ್ತಿತೆಂದು ಹೇಳಬಹುದು. ಅಂದಿನಿಂದ ಗೊರಿಲ್ಲಾ ನೋಡಲು ಹೊರಟವರೆಲ್ಲ ತಮಗೂ ಅಂಥದೊಂದು ಗಳಿಗೆ ಸಿಗಬೇಕೆಂದು ಹೊರಡುತ್ತಾರೆ.

ಇಷ್ಟೂ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಕೋವಿ ಹೋಗಿ ಕ್ಯಾಮೆರಾ ಬಂದರೂ ಕಥೆಯ ಕಟ್ಟು ಬೇಟೆಯ ಕಥೆಯದೇ ಉಳಿದಿದೆ. ಬೆಳಗಿನ ಜಾವ ಹೊರಡುವುದು, ಜಾಡು ಹಿಡಿಯುವವರು, ಮುರಿದ ಟೊಂಗೆ, ಹಸಿ ಲದ್ದಿ, ಹತ್ತಿರವಾಗುತ್ತಿರುವ ವಾಸನೆ, ಎದೆ ಬಡಿತ, ಕೊನೆಗೆ ಮುಖಾಮುಖಿ. ಗುಂಡು ಹಾರುವ ಜಾಗದಲ್ಲಿ ಈಗ ಕಣ್ಣು ಕಣ್ಣು ಕೂಡುತ್ತದೆ. ಗೋಡೆಗೆ ತೂಗುವ ತಲೆಯ ಬದಲು ಫೋಟೋ. ತೇಜಸ್ವಿಯವರ ಅನುವಾದಗಳಿಂದ ಕೆನೆತ್ ಆಂಡರ್ಸನ್‌ನನ್ನು ಬಲ್ಲ ಕನ್ನಡ ಓದುಗರಿಗೆ ಈ ಕಟ್ಟನ್ನು ವಿವರಿಸಬೇಕಾಗಿಲ್ಲ. ಆದರೆ ಆಂಡರ್ಸನ್ ಒಂದು ವಿಷಯದಲ್ಲಿ ಇಂದಿನ ನಮ್ಮ ಪ್ರವಾಸಿಗಳಿಗಿಂತ ಮೇಲು. ಅವನ ಪುಟಗಳಲ್ಲಿ ಬೈರ ಇದ್ದಾನೆ. ಕಾಡನ್ನು ಓದಲು ತನಗೆ ಕಲಿಸಿದವನು ಈ ಪೂಜಾರಿ ಬೈರ ಎಂದು ಹೆಸರು ಹಿಡಿದು ಹೇಳುವ ಸೌಜನ್ಯ ಆ ಬೇಟೆಗಾರನಿಗಿತ್ತು. ನನ್ನ ಗೆಳೆಯರ ಹಸ್ತಪ್ರತಿಯಲ್ಲಿ ಗೊರಿಲ್ಲಾಗಳಿಗೆಲ್ಲ ಹೆಸರಿದೆ. ಜಾಡು ಹಿಡಿದವರು 'ಇಬ್ಬರು ಸ್ಥಳೀಯರು'.

ಇನ್ನೊಂದು ಸಂಗತಿ. ನಾನು ಮೇಲೆ ಹೇಳಿದ ಪುಸ್ತಕಗಳಲ್ಲಿ, ದು ಶೈಯುವಿನದನ್ನು ಬಿಟ್ಟರೆ, ಎಲ್ಲವೂ ಬೆಟ್ಟದ ಗೊರಿಲ್ಲಾಗಳ ಕಥೆ. ಜಗತ್ತಿನ ಮೃಗಾಲಯಗಳಲ್ಲಿರುವವು ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮದ ಬಯಲುಸೀಮೆಯ ಗೊರಿಲ್ಲಾಗಳು. ಹೀಗಾಗಿ ನಾವು ಪುಸ್ತಕದಲ್ಲಿ ಓದಿದ್ದು ಒಂದನ್ನು, ಪಂಜರದಲ್ಲಿ ನೋಡಿದ್ದು ಇನ್ನೊಂದನ್ನು. ಬಯಲುಸೀಮೆ ಎಂದ ಕೂಡಲೆ ಚಿತ್ರದುರ್ಗದ ಕಡೆಯ ಬಯಲು ಕಣ್ಣಿಗೆ ಬಂದರೆ ತಪ್ಪು. ಬೆಟ್ಟವಿಲ್ಲದ ತಗ್ಗು ನೆಲ ಎಂದಷ್ಟೇ ಅರ್ಥ. ಅಲ್ಲಿರುವುದು ಕತ್ತಲೆಗಟ್ಟಿದ ಮಳೆಕಾಡು. ಬೆಟ್ಟದ ಗೊರಿಲ್ಲಾ ಸುತ್ತಲೂ ಸಿಗುವ ಸೊಪ್ಪು ತಿಂದುಕೊಂಡು ದಿನಕ್ಕೆ ಅರ್ಧ ಕಿಲೋಮೀಟರು ನಡೆದರೆ ಹೆಚ್ಚು. ತಗ್ಗಿನ ಕಾಡಿನದು ಹಣ್ಣಿನ ಬೆನ್ನು ಹತ್ತಿ ಒಂದೆರಡು ಕಿಲೋಮೀಟರು, ಕೆಲವು ದಿನ ಇನ್ನೂ ಹೆಚ್ಚು, ಅಲೆಯುತ್ತದೆ, ಮರವನ್ನೂ ಹತ್ತುತ್ತದೆ. ಒಣನೆಲದಲ್ಲಿ ಹೆಜ್ಜೆ ಮೂಡುವುದಿಲ್ಲ. ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಇದರ ಬಗ್ಗೆ ಪುಸ್ತಕಗಳು ಕಡಿಮೆಯಾದದ್ದಕ್ಕೆ ಇದೇ ಕಾರಣ: ನೋಡಲು ಸಿಕ್ಕರೆ ತಾನೆ ಬರೆಯುವುದು?

ನೋಡಲು ಸಿಗುವಂತೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಗೆಳೆಯರು 'ಪಳಗಿಸಿದ ಗೊರಿಲ್ಲಾಗಳು' ಎಂದು ಬರೆದಿದ್ದಾರೆ. ಈ ಮಾತಿಗೆ ನಾನು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದೆ. ದುಬಾರೆಯ ಆನೆಯನ್ನು ಪಳಗಿಸುತ್ತಾರೆ. ಅದಕ್ಕೆ ಬೆಲ್ಲವೂ ಉಂಟು, ಅಂಕುಶವೂ ಉಂಟು. ದೇವಸ್ಥಾನದ ಕೋತಿಗಳನ್ನು ನಾವು ಬಾಳೆಹಣ್ಣು ಕೊಟ್ಟು ಕೆಡಿಸಿದ್ದೇವೆ. ಗೊರಿಲ್ಲಾಗಳ ವಿಷಯದಲ್ಲಿ ನಡೆಯುವುದು ಬೇರೆ. ಅಲ್ಲಿ ಏನನ್ನೂ ಕೊಡುವುದಿಲ್ಲ, ಏನನ್ನೂ ಕಲಿಸುವುದಿಲ್ಲ. ಮನುಷ್ಯ ದಿನವೂ ಹೋಗಿ ದೂರದಲ್ಲಿ ಕೂತು ಬರುತ್ತಾನೆ, ಅಷ್ಟೆ. ಇವನಿಂದ ಲಾಭವೂ ಇಲ್ಲ, ಹಾನಿಯೂ ಇಲ್ಲ ಎಂದು ಪ್ರಾಣಿಗೆ ಅನ್ನಿಸಿ, ಅದು ಇವನನ್ನು ಲೆಕ್ಕಕ್ಕಿಡುವುದನ್ನು ಬಿಡಬೇಕು. ಇದಕ್ಕೆ 'ಒಗ್ಗಿಸುವುದು' ಎಂಬ ನಮ್ಮ ಮಾತೇ ಸಾಕು. ಹೊಸ ಊರಿನ ನೀರು ಮೈಗೆ ಒಗ್ಗಿತು ಎನ್ನುತ್ತೇವಲ್ಲ, ಹಾಗೆ.

ಬೆಟ್ಟದ ಗೊರಿಲ್ಲಾಗಳನ್ನು ಒಂದೆರಡು ವರ್ಷಗಳಲ್ಲಿ ಒಗ್ಗಿಸಬಹುದಂತೆ. ತಗ್ಗಿನ ಕಾಡಿನವಕ್ಕೆ ಐದು ವರ್ಷ ಬೇಕು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೊದಮೊದಲು ಮನುಷ್ಯರ ಸುಳಿವು ಸಿಕ್ಕಿದೊಡನೆ ಇಡೀ ಗುಂಪು ಓಡುತ್ತದೆ. ಓಡಿದ ದಾರಿಯುದ್ದಕ್ಕೂ ಭಯಕ್ಕೆ ಭೇದಿಯಾಗಿರುತ್ತದೆ. ಗಂಡು ಹಿಂದೆ ನಿಂತು ಚೀರುತ್ತ ಮೇಲೇರಿ ಬರುತ್ತದೆ. ಜಾಡು ಹಿಡಿಯುವವರು ಓಡದೆ, ತಲೆತಗ್ಗಿಸಿ, ನೆಲ ನೋಡುತ್ತ ನಿಲ್ಲಬೇಕು. ಮರುದಿನ ಮುಂಜಾನೆ ಗೊರಿಲ್ಲಾಗಳು ರಾತ್ರಿ ಮಲಗಿದ್ದ ಎಲೆಹಾಸಿಗೆಯಿಂದ ಮತ್ತೆ ಜಾಡು ಹಿಡಿದು ಹೊರಡಬೇಕು. ಒಂದು ದಿನ ತಪ್ಪಿದರೆ ಗುಂಪೇ ಕೈತಪ್ಪಬಹುದು. ಮಧ್ಯ ಆಫ್ರಿಕಾ ಗಣರಾಜ್ಯದ ಬಾಯಿ ಹೊಕೂ ಎಂಬಲ್ಲಿ ಬಾ-ಆಕಾ ಜನರು 1990ರ ದಶಕದ ಕೊನೆಯಿಂದ ಈ ಕೆಲಸ ಮಾಡಿಕೊಂಡು ಬಂದಿದ್ದಾರೆ. ಅವರು ನಾಲಗೆಯಿಂದ ಲೊಚಗುಟ್ಟಿ ತಾವು ಬಂದಿದ್ದೇವೆಂದು ಗೊರಿಲ್ಲಾಗಳಿಗೆ ತಿಳಿಸುತ್ತಾರೆ. ಗೊತ್ತಿರುವವರ ಮನೆಗೆ ಹೋದಾಗ ನಾವು ಬಾಗಿಲಲ್ಲಿ ಕೆಮ್ಮುವಂತೆ.

ಪ್ರವಾಸಿಗೆ ಸಿಗುವ ಒಂದು ಗಂಟೆಯ ಹಿಂದೆ ಈ ಐದಾರು ವರ್ಷಗಳಿವೆ. ಪ್ರವಾಸ ಕಥನದಲ್ಲಿ ಇದಕ್ಕೆ ಜಾಗವಿಲ್ಲ. ಇದ್ದರೆ ಒಂದು ವಾಕ್ಯ. ಕಥನ ಶುರುವಾಗುವುದು ಪ್ರವಾಸಿ ವಿಮಾನ ಇಳಿದಾಗ. ನನ್ನ ಮೊದಲ ಆಕ್ಷೇಪ ಇದು. ಎರಡನೆಯದು ಆ ಕಣ್ಣುಗಳ ಬಗ್ಗೆ. ಗೊರಿಲ್ಲಾಗಳ ನಡುವೆ ದಿಟ್ಟಿಸಿ ನೋಡುವುದು ಬೆದರಿಕೆ. ಬೆಳ್ಳಿಬೆನ್ನಿನ ಗಂಡನ್ನು ನೇರವಾಗಿ ನೋಡಬೇಡಿ, ಅದು ನಿಮ್ಮತ್ತ ಬಂದರೆ ಕಣ್ಣು ತಗ್ಗಿಸಿ ಎಂದು ಕರೆದುಕೊಂಡು ಹೋಗುವವರು ಮೊದಲೇ ಹೇಳಿರುತ್ತಾರೆ. ಅಂದರೆ ನಮ್ಮ ಕಥನಗಳು ಪರಮ ಗಳಿಗೆಯೆಂದು ವರ್ಣಿಸುವುದು, ಎದುರಿನ ಪ್ರಾಣಿಯ ಭಾಷೆಯಲ್ಲಿ ಒಂದು ಅಸಭ್ಯತೆ. ಗೊರಿಲ್ಲಾಗಳೂ ಮನುಷ್ಯರನ್ನು ನೋಡುತ್ತವೆ, ನಿಜ. ಮರಿಗಳಂತೂ ಕುತೂಹಲದಿಂದಲೇ ನೋಡುತ್ತವೆ. ಆದರೆ ನಿಜವಾಗಿ ಒಗ್ಗಿದ ಗೊರಿಲ್ಲಾದ ಗುರುತು ಅದು ನಿಮ್ಮನ್ನು ನೋಡುವುದಲ್ಲ, ನೋಡದೆ ಇರುವುದು. ಅದು ಬೆನ್ನು ತಿರುಗಿಸಿ ಗೆದ್ದಲು ಹುಡುಕುತ್ತ ಕೂತಿತೆಂದರೆ ಒಗ್ಗಿಸಿದವರ ಶ್ರಮ ಸಾರ್ಥಕ. ಪ್ರವಾಸಿಗೆ ಮಾತ್ರ ಆ ಬೆನ್ನಿನಿಂದ ಒಂದು ಪ್ಯಾರಾ ಹುಟ್ಟುವುದಿಲ್ಲ.

ಇನ್ನು ನನ್ನ ಕಥೆ.

ನನ್ನ ಅಕ್ಕನ ಮಗ ಕಾಂಗೋದ ಬಂದರು ಪಟ್ಟಣವೊಂದರಲ್ಲಿ ಸರಕು ಸಾಗಣೆಯ ಲೆಕ್ಕಪತ್ರ ನೋಡಿಕೊಂಡಿದ್ದ. 2019ರಲ್ಲಿ ನನ್ನನ್ನು ಕರೆಸಿಕೊಂಡ. ಒಡ್ಜಾಲಾ ರಾಷ್ಟ್ರೀಯ ಉದ್ಯಾನದ ಅಂಚಿನ ಎನ್ಗಾಗಾ ಎಂಬ ಕಾಡಿನಲ್ಲಿ ಗೊರಿಲ್ಲಾ ನೋಡುವ ಏರ್ಪಾಡನ್ನೂ ಅವನೇ ಮಾಡಿದ. ನನ್ನ ಪಾಲಿನ ಖರ್ಚು ನನ್ನ ಪಿಂಚಣಿಯ ಎಷ್ಟು ತಿಂಗಳು ಎಂದು ಮನೆಯಲ್ಲಿ ನಾನು ಈವರೆಗೆ ಹೇಳಿಲ್ಲ. ಊರಿನ ಪತ್ರಿಕೆಯವರಿಗೆ ಲೇಖನ ಕೊಡುವುದಾಗಿ ಒಪ್ಪಿಕೊಂಡಿದ್ದೆ. ವಿಮಾನದಲ್ಲಿ ನಿದ್ದೆ ಬಾರದೆ ನೋಟುಪುಸ್ತಕ ತೆಗೆದು ಲೇಖನದ ಕೊನೆಯ ಪ್ಯಾರಾ ಬರೆದೆ. ಮೇಷ್ಟರ ಅಭ್ಯಾಸ, ಉಪನ್ಯಾಸದ ಮುಕ್ತಾಯ ಮೊದಲೇ ಸಿದ್ಧವಿರಬೇಕು. ಆ ಪ್ಯಾರಾದಲ್ಲಿ ಕಣ್ಣುಗಳಿದ್ದವು, ಮೌನವಿತ್ತು, ಲಕ್ಷಾಂತರ ವರ್ಷಗಳ ಹಿಂದಿನ ದಾಯಾದಿ ಸಂಬಂಧವಿತ್ತು. ಚೆನ್ನಾಗಿಯೇ ಬಂದಿದೆ ಅನ್ನಿಸಿತು.

ಆ ಕಾಡಿನಲ್ಲಿ ಗೊರಿಲ್ಲಾಗಳನ್ನು ಒಗ್ಗಿಸಿದವರು ಸ್ಪೇನಿನ ವಿಜ್ಞಾನಿ ಮಗ್ದಲೇನಾ ಬೆರ್ಮೇಹೋ ಮತ್ತು ಅವರೊಡನೆ ಕೆಲಸ ಮಾಡುವ ಆ ನಾಡಿನ ಜನ. ಅವರ ಕೆಲಸ ಮೊದಲು ನಡೆದದ್ದು ಅಲ್ಲಿಂದ ಬಹಳ ದೂರವಲ್ಲದ ಲೊಸ್ಸಿ ಎಂಬ ಕಾಡಿನಲ್ಲಿ, 1990ರ ದಶಕದಲ್ಲಿ. ಅಲ್ಲಿ ಎರಡು ಗುಂಪುಗಳನ್ನು ಒಗ್ಗಿಸಿ, 2002ರ ಹೊತ್ತಿಗೆ ಹತ್ತು ಗುಂಪುಗಳ 143 ಗೊರಿಲ್ಲಾಗಳನ್ನು ಒಂದೊಂದಾಗಿ ಗುರುತು ಹಿಡಿದಿದ್ದರು. ಆ ವರ್ಷದ ಅಕ್ಟೋಬರಿನಿಂದ 2003ರ ಜನವರಿಯೊಳಗೆ ಅವುಗಳಲ್ಲಿ 130 ಕಣ್ಮರೆಯಾದವು. ಎಬೋಲಾ. ಮುಂದಿನ ವರ್ಷ ಮತ್ತೆ ಬಂದು, ಗುರುತಿದ್ದ ಇನ್ನೂ 95ರಲ್ಲಿ 91ನ್ನು ಒಯ್ದಿತು. ಆ ಪ್ರದೇಶದಲ್ಲಿ ಒಟ್ಟು ಸುಮಾರು 5,000 ಗೊರಿಲ್ಲಾಗಳು ಸತ್ತಿರಬಹುದೆಂದು 2006ರಲ್ಲಿ ಪ್ರಕಟವಾದ ಅವರ ವರದಿ ಅಂದಾಜು ಮಾಡಿತು. ಅದನ್ನು ಪ್ರವಾಸಿಗರು ತಂದದ್ದಲ್ಲ, ಕಾಡಿನೊಳಗಿಂದಲೇ ಬಂದ ಕಾಯಿಲೆ ಅದು. ಆದರೆ ಏಳೆಂಟು ವರ್ಷ ದಿನವೂ ಹಿಂದೆ ನಡೆದು, ಮುಖ ಮುಖ ಗುರುತಿಟ್ಟುಕೊಂಡ ಪ್ರಾಣಿಗಳು ನಾಲ್ಕು ತಿಂಗಳಲ್ಲಿ ಹೋದಾಗ ಆ ಜನಕ್ಕೆ ಏನಾಗಿರಬೇಕು? ಅವರು ಬಿಟ್ಟು ಹೋಗಲಿಲ್ಲ. ಬೇರೆ ಕಾಡಿಗೆ ಬಂದು, ಬೇರೆ ಗುಂಪುಗಳ ಹಿಂದೆ, ಮೊದಲ ದಿನದಿಂದ ಮತ್ತೆ ನಡೆಯತೊಡಗಿದರು. ನಾವು ನೋಡಲು ಹೋದದ್ದು ಹೀಗೆ ಒಗ್ಗಿದ ಗುಂಪನ್ನು. ಅದರ ಯಜಮಾನನ ಹೆಸರು ನೆಪ್ಚೂನೋ. ಈ ಹೆಸರಿನ ಕೆಳಗೆ ನನ್ನ ನೋಟುಪುಸ್ತಕದಲ್ಲಿ ಎರಡು ಗೆರೆ ಎಳೆದಿದ್ದೇನೆ.

ಇದೆಲ್ಲ ನನಗೆ ಗೊತ್ತಿತ್ತು. ಓದಿಕೊಂಡೇ ಹೋಗಿದ್ದೆ. ಎಬೋಲಾ ಒಂದೇ ಅಲ್ಲ, ನಮ್ಮ ಮಾಮೂಲಿ ನೆಗಡಿಯೂ ಈ ವಾನರಗಳನ್ನು ಕೊಲ್ಲಬಲ್ಲದು ಎಂಬುದೂ ಗೊತ್ತಿತ್ತು. ಐವರಿ ಕೋಸ್ಟಿನ ತಾಯಿ ಕಾಡಿನಲ್ಲಿ ಮನುಷ್ಯರಿಗೆ ಒಗ್ಗಿದ ಚಿಂಪಾಂಜಿಗಳು ಮನುಷ್ಯರ ಶ್ವಾಸಕೋಶದ ವೈರಸ್ಸುಗಳಿಂದಲೇ ಸತ್ತವೆಂದು 2008ರಲ್ಲಿ ಸಾಬೀತಾಗಿತ್ತು. ಆದ್ದರಿಂದಲೇ ಮುಖಕ್ಕೆ ಬಟ್ಟೆ, ಕೆಲವೇ ಮಾರು ದೂರದ ಗಡಿ, ಒಂದೇ ಗಂಟೆಯ ಮಿತಿ. ಆದ್ದರಿಂದಲೇ ಅಂದು ಬೆಳಿಗ್ಗೆ ಐದು ಗಂಟೆಗೆ, ಟಾರ್ಚಿನ ಬೆಳಕಿನಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮನ್ನು ಮಾರ್ಗದರ್ಶಿ ಕೇಳಿದ್ದು: ಯಾರಿಗಾದರೂ ನೆಗಡಿ, ಜ್ವರ, ಹೊಟ್ಟೆ ಕೆಟ್ಟದ್ದು ಉಂಟೆ?

ನನಗೆ ಹಿಂದಿನ ದಿನ ಸಂಜೆಯಿಂದ ಗಂಟಲು ಕೆರೆಯುತ್ತಿತ್ತು. ನಾನು ಇಲ್ಲ ಎಂದೆ.

ಈ 'ಇಲ್ಲ'ವನ್ನು ಎಷ್ಟೋ ರಾತ್ರಿ ತಿರುಗಿಸಿ ನೋಡಿದ್ದೇನೆ. ನನ್ನೊಳಗೆ ದೊಡ್ಡ ಹೊಯ್ದಾಟವೇನೂ ಆಗಲಿಲ್ಲ. ಬಸ್ಸಿನ ಕಂಡಕ್ಟರು ಎಲ್ಲರದೂ ಟಿಕೆಟಾಯಿತೆ ಎಂದಾಗ ಹೂಂ ಎನ್ನುವಷ್ಟೇ ಸಲೀಸಾಗಿ ಬಂತು. ಧೂಳಿನಿಂದ ಬಂದ ಕೆಮ್ಮು, ವಯಸ್ಸಾದವನ ಗಂಟಲು, ಮುಖಕ್ಕೆ ಹೇಗೂ ಬಟ್ಟೆ ಇರುತ್ತದೆ, ಇಷ್ಟು ದೂರ ಬಂದಿದ್ದೇನೆ; ಕಾರಣಗಳು ಆಮೇಲೆ ಒಂದೊಂದಾಗಿ ಬಂದು ಸಾಲಾಗಿ ನಿಂತವು. ಬರೆದಿಟ್ಟ ಪ್ಯಾರಾ ಒಂದಿತ್ತಲ್ಲ, ಅದೂ ಆ ಸಾಲಿನಲ್ಲಿತ್ತು.

ಹೊರಟೆವು. ಆ ಕಾಡಿನ ನೆಲವನ್ನೆಲ್ಲ ತುಂಬಿರುವುದು ಆಳೆತ್ತರದ, ಅಗಲ ಎಲೆಯ ಒಂದು ಗಿಡ. ಕೂವೆಹಿಟ್ಟು ಮಾಡುವ ಆರಾರೂಟಿನ ಕುಟುಂಬಕ್ಕೆ ಸೇರಿದ್ದು. ಗೊರಿಲ್ಲಾಗಳಿಗೆ ಅದರ ಎಳೆ ದಂಟು ಇಷ್ಟ. ಮುಂದೆ ನಡೆಯುತ್ತಿದ್ದ ಜಾಡಿನವನ ಕೈಯಲ್ಲಿ ಮಚ್ಚಿರಲಿಲ್ಲ, ಗುಲಾಬಿ ಗಿಡ ಸವರುವ ಕತ್ತರಿ ಇತ್ತು. ಮಚ್ಚಿನ ಸದ್ದಾಗಬಾರದೆಂದು ಒಂದೊಂದೇ ದಂಟನ್ನು ಕಿಟಕ್ ಕಿಟಕ್ ಎಂದು ಕತ್ತರಿಸುತ್ತ ದಾರಿ ಮಾಡುತ್ತಿದ್ದ. ಬೆವರಿಗೆ ಮುತ್ತುವ ಸಣ್ಣ ಜೇನು ಕಣ್ಣು ಮೂಗಿಗೆಲ್ಲ ನುಗ್ಗುತ್ತಿತ್ತು. ಒಂದೂವರೆ ಗಂಟೆ ನಡೆದ ಮೇಲೆ ಅವನು ಕೈಯೆತ್ತಿದ. ಹತ್ತಿರದಲ್ಲೆಲ್ಲೋ ಟೊಂಗೆ ಮುರಿಯಿತು. ಮುಖವಸ್ತ್ರ ಕಟ್ಟಿಕೊಳ್ಳಿ ಎಂದು ಮಾರ್ಗದರ್ಶಿ ಸನ್ನೆ ಮಾಡಿದ. ಕಟ್ಟಿಕೊಳ್ಳುತ್ತಿದ್ದಂತೆ ನನಗೆ ಕೆಮ್ಮು ಬಂತು. ತಡೆದೆ. ತಡೆದದ್ದರಿಂದ ಇನ್ನೂ ಜೋರಾಗಿ ಬಂತು.

ಯಾರೂ ಏನೂ ಅನ್ನಲಿಲ್ಲ. ಮಾರ್ಗದರ್ಶಿ ನನ್ನನ್ನು ನೋಡಿದ. ಜಾಡಿನವನೂ ನೋಡಿದ. ಕಣ್ಣುಗಳ ಬಗ್ಗೆ ಪ್ಯಾರಾ ಬರೆದವನಿಗೆ ಅಂದು ಆ ಇಬ್ಬರ ಕಣ್ಣುಗಳನ್ನು ಎದುರಿಸಲು ಆಗಲಿಲ್ಲ. ನನಗೆ ನಿನ್ನೆಯಿಂದ ಗಂಟಲು ಸರಿಯಿಲ್ಲ ಎಂದು ಅಳಿಯನಿಗೆ ಕನ್ನಡದಲ್ಲಿ ಹೇಳಿದೆ. ಅವನು ಫ್ರೆಂಚಿನಲ್ಲಿ ಹೇಳಿದ. ಅನುವಾದ ಮಾಡುವಾಗ 'ನಿನ್ನೆಯಿಂದ' ಎಂಬುದನ್ನು ಬಿಟ್ಟನೆಂದು ನನ್ನ ಅನುಮಾನ.

ಇಬ್ಬರು ಜಾಡಿನವರಲ್ಲಿ ಒಬ್ಬ ನನ್ನನ್ನು ಬಿಡಾರಕ್ಕೆ ವಾಪಸು ಕರೆತಂದ. ಅವನಿಗೆ ಫ್ರೆಂಚು ಬರುತ್ತಿತ್ತು, ನನಗಿಲ್ಲ. ದಾರಿಯಲ್ಲಿ ಒಂದು ಕಡೆ ನಿಂತು, ಜಗಿದು ಉಗುಳಿದ್ದ ದಂಟನ್ನು ಎತ್ತಿ ತೋರಿಸಿದ. ಬೆರಳಿನಿಂದ ಒತ್ತಿ ರಸ ಇನ್ನೂ ಒಸರುವುದನ್ನು ತೋರಿಸಿ, ಆಮೇಲೆ ಸೂರ್ಯನಿರುವ ಕಡೆ ಕೈ ಮಾಡಿದ. ಇಂದು ಬೆಳಗಿನದು ಎಂದು ಅರ್ಥವಾಯಿತು. ಮುಂದೆ ನಿನ್ನೆ ರಾತ್ರಿಯ ಎಲೆಹಾಸಿಗೆಗಳು. ಒಂದು ದೊಡ್ಡದು, ಅದರ ಪಕ್ಕದಲ್ಲಿ ಇನ್ನೊಂದು. ಅದನ್ನು ತೋರಿಸಿ ತೋಳಿನಲ್ಲಿ ಕೂಸು ಹಿಡಿದಂತೆ ಮಾಡಿದ, ತಾಯಿ ಮರಿ ಒಟ್ಟಿಗೆ ಮಲಗಿದ್ದವು ಎಂದು. ನನ್ನ ಮೇಲೆ ಅವನಿಗೆ ಕೋಪವಿದ್ದಂತಿರಲಿಲ್ಲ. ಇದ್ದರೆ ಸುಲಭವಾಗುತ್ತಿತ್ತು.

ಬಿಡಾರದಲ್ಲಿ ಉಳಿದ ದಿನಗಳನ್ನು ಕಷಾಯ ಕುಡಿಯುತ್ತ ಕಳೆದೆ. ಮರುದಿನ ಜ್ವರವೂ ಬಂತು. ಅಳಿಯ ಗೊರಿಲ್ಲಾಗಳನ್ನು ನೋಡಿ ಬಂದು, ಅವು ಹೆಚ್ಚು ಹೊತ್ತು ಎಲೆಯ ಮರೆಯಲ್ಲೇ ಇದ್ದವು, ಯಜಮಾನನ ಬೆನ್ನು ಚೆನ್ನಾಗಿ ಕಂಡಿತು ಎಂದ. ಪತ್ರಿಕೆಗೆ ಲೇಖನ ಕೊಡಲಿಲ್ಲ. ಮುಂದಿನ ವರ್ಷ ಇಡೀ ಜಗತ್ತೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿತು. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಮನುಷ್ಯರ ಪಾಲನೆಯಲ್ಲಿದ್ದ ಗೊರಿಲ್ಲಾಗಳಿಗೆ ಕೋವಿಡ್ ತಗುಲಿತೆಂಬ ಸುದ್ದಿ ಓದಿದಾಗ ನಾನು ಪತ್ರಿಕೆ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಗಾದರೆ ಹೋಗಲೇಬಾರದೆ ಎಂದು ಗೆಳೆಯರು ಕೇಳಬಹುದು. ನಾನು ಹಾಗೆ ಹೇಳಲಾರೆ. ಜನ ಬಂದು ನೋಡುವ ಗುಂಪಿನ ಹಿಂದೆ ದಿನವೂ ಯಾರಾದರೂ ಇರುತ್ತಾರೆ. ಉರುಳು ಹಾಕುವವನಿಗೂ ಕೋವಿಯವನಿಗೂ ಅಲ್ಲಿ ಕೆಲಸ ಕಷ್ಟ. ಬೆಟ್ಟದ ಗೊರಿಲ್ಲಾಗಳು 1980ರ ದಶಕದ ಆರಂಭದಲ್ಲಿ ವಿರುಂಗಾದಲ್ಲಿ ಸುಮಾರು 250ಕ್ಕೆ ಇಳಿದಿದ್ದವು. 2018ರ ಹೊತ್ತಿಗೆ ಎಲ್ಲ ಸೇರಿ ಸಾವಿರ ದಾಟಿದ್ದವು. ಅದರಲ್ಲಿ ಪ್ರವಾಸಿಗರ ಹಣದ ಪಾಲು ಸಣ್ಣದಲ್ಲ. ಪಶ್ಚಿಮದ ಗೊರಿಲ್ಲಾಗಳು ಲೆಕ್ಕದಲ್ಲಿ ಬಹಳ ಹೆಚ್ಚು, ಸುಮಾರು 3,60,000 ಎಂದು 2018ರ ಅಂದಾಜು. ಆದರೆ ಬೇಟೆ, ಕಾಯಿಲೆ, ಕಾಡಿನ ನಾಶ ಮೂರೂ ಸೇರಿ ವರ್ಷಕ್ಕೆ ನೂರಕ್ಕೆ ಎರಡು ಮೂರರಂತೆ ಇಳಿಯುತ್ತಿವೆ ಎಂದು ಅದೇ ಅಂದಾಜು ಹೇಳಿತು. ಒಗ್ಗಿದ ಗೊರಿಲ್ಲಾಕ್ಕೆ ಅಪಾಯವೂ ಇದೆ: ಅದು ಮನುಷ್ಯನಿಗೆ ಹೆದರುವುದನ್ನು ಮರೆತಿದೆ, ಎಲ್ಲ ಮನುಷ್ಯರೂ ಒಂದೇ ಅಲ್ಲವೆಂದು ಅದಕ್ಕೆ ಹೇಳುವವರಿಲ್ಲ. ನಾವು ಅದರ ಭಯವನ್ನು ಕಳೆದ ಮೇಲೆ ಆ ಭಯ ಮಾಡುತ್ತಿದ್ದ ಕಾವಲನ್ನು ನಾವೇ ಮಾಡಬೇಕು. ಒಂದು ದಿನವೂ ಬಿಡದೆ ಮಾಡಬೇಕು. ಇದನ್ನು ಬಲ್ಲವರು ಹೋಗಲಿ. ಹೋಗಿ ಬಂದವರು ಬರೆಯಲಿ.

ಬರೆಯುವುದು ಹೇಗೆ ಎಂಬುದೇ ನನ್ನ ಪ್ರಶ್ನೆ. ಕನ್ನಡದಲ್ಲಿ ನಮಗೆ ಒಂದು ಮಾದರಿ ಇಲ್ಲದಿಲ್ಲ. 1980ರಲ್ಲಿ ಬಂದ ಕರ್ವಾಲೋ ಕಾದಂಬರಿಯಲ್ಲಿ ಇಡೀ ತಂಡ ಹಾರುವ ಓತಿಯ ಬೆನ್ನು ಹತ್ತುತ್ತದೆ. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಸಿಗದೆ ಹೋದದ್ದರಿಂದ ಆ ಪುಸ್ತಕ ಬಡವಾಗಿಲ್ಲ. ಅಲ್ಲಿ ಮಂದಣ್ಣ ಇದ್ದಾನೆ, ಅವನ ಹೆಸರಿದೆ, ಅವನ ಜೇನುಪೆಟ್ಟಿಗೆ, ಮದುವೆಯ ಆತುರ ಎಲ್ಲವೂ ಇವೆ. ಓತಿಯನ್ನು ಮೊದಲು ಕಂಡವನು ಅವನೆಂಬುದನ್ನು ವಿಜ್ಞಾನಿ ಕರ್ವಾಲೋ ಒಂದು ಗಳಿಗೆಯೂ ಮರೆಯುವುದಿಲ್ಲ.

ಇನ್ನೊಂದು ನೆನಪನ್ನು ಹೇಳಿ ಮುಗಿಸುತ್ತೇನೆ. 1995ರಲ್ಲಿ ಮೈಸೂರಿನ ಮೃಗಾಲಯಕ್ಕೆ ಡಬ್ಲಿನ್ನಿನಿಂದ ಪೋಲೋ ಎಂಬ ಗಂಡು ಗೊರಿಲ್ಲಾ ಬಂದಿತ್ತು. 2014ರಲ್ಲಿ ಸಾಯುವವರೆಗೂ ಜೊತೆಯಿಲ್ಲದೆ ಒಂಟಿಯಾಗಿಯೇ ಇತ್ತು. ಮಗಳು ಚಿಕ್ಕವಳಿದ್ದಾಗ ಅವಳನ್ನು ಕರೆದುಕೊಂಡು ನೋಡಲು ಹೋಗಿದ್ದೆ. ಕಂದಕದ ಈಚೆ ನಿಂತ ನಾವೆಲ್ಲ ಮುಷ್ಟಿ ಕಟ್ಟಿ ಎದೆ ಗುದ್ದಿಕೊಂಡು ಅದನ್ನು ಕರೆಯುತ್ತಿದ್ದೆವು. ಗೊರಿಲ್ಲಾ ಎದೆ ಬಡಿಯುವುದು ಮುಷ್ಟಿಯಿಂದಲ್ಲ, ಬೊಗಸೆ ಮಾಡಿದ ಅಂಗೈಯಿಂದ ಎಂದು ಆಗ ಗೊತ್ತಿರಲಿಲ್ಲ. ಅದು ನಮಗೆ ಬೆನ್ನು ಹಾಕಿ ಕೂತಿತ್ತು. ನಾವು ಹೋಗುವವರೆಗೂ ತಿರುಗಲಿಲ್ಲ. ದುಡ್ಡು ದಂಡವಾಯಿತೆಂದು ಯಾರೋ ಗೊಣಗಿದರು. ಅಪ್ಪಾ, ಅದಕ್ಕೆ ನಮ್ಮ ಮೇಲೆ ಸಿಟ್ಟೇ ಎಂದು ಮಗಳು ಕೇಳಿದಳು. ಇಲ್ಲ ಎಂದೆ. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಎರಡು ಗಂಡುಗಳು ಅಲ್ಲಿಗೆ ಬಂದಿವೆ. ಮೊಮ್ಮಗನನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಅವಕ್ಕೆ ಒಬ್ಬರ ಜೊತೆ ಒಬ್ಬರಾದರೂ ಇದ್ದಾರೆ. ನಾನು ಕಣ್ಣು ತಗ್ಗಿಸಿ ನಿಂತದ್ದನ್ನು ಕಂಡು ಮೊಮ್ಮಗ, ಅಜ್ಜ ಹೆದರಿಕೊಂಡ ಎಂದು ಮನೆಯಲ್ಲಿ ಹೇಳಿದ.

ಹಸ್ತಪ್ರತಿಯನ್ನು ಕಳೆದ ವಾರ ಗೆಳೆಯರಿಗೆ ಹಿಂದಿರುಗಿಸಿದೆ. ಮುನ್ನುಡಿಯ ಬದಲು ಒಂದು ಚೀಟಿ ಇಟ್ಟೆ. 'ಇಬ್ಬರು ಸ್ಥಳೀಯರ' ಹೆಸರೇನು, ದಯವಿಟ್ಟು ಸೇರಿಸಿ ಎಂದು ಬರೆದಿದ್ದೆ. ಅವರು ಅದೇ ಸಂಜೆ ಫೋನು ಮಾಡಿ, ನಿಜ, ಕೇಳಿರಲೇ ಇಲ್ಲ, ಈಗ ಪತ್ರ ಬರೆದು ವಿಚಾರಿಸುತ್ತೇನೆ ಎಂದರು. ಆಮೇಲೆ, ನಿಮ್ಮನ್ನು ವಾಪಸು ಕರೆತಂದವನ ಹೆಸರೇನು ಸಾರ್, ನನ್ನ ಜೊತೆ ಬಂದವನೂ ಅವನೇ ಇರಬಹುದು ಎಂದು ಕೇಳಿದರು.

ನೋಟುಪುಸ್ತಕ ತೆಗೆದು ನೋಡಿದೆ. ಗೊರಿಲ್ಲಾದ ಹೆಸರಿದೆ, ಎರಡು ಅಡಿಗೆರೆಗಳಿವೆ. ಅವನ ಹೆಸರನ್ನು ನಾನೂ ಕೇಳಿರಲಿಲ್ಲ.